ಹೋಳಿಗೆಯ ಅಳತೆ

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಸುತ್ತಿನ ಸೀಮೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ನಿತ್ಯದ ಊಟ. ಹಿಂದೆ ಸಿಹಿಗೆ ಕಾಲ ಗೊತ್ತಾಗಿತ್ತು: ಪಂಚಮಿಗೆ ಉಂಡಿ, ಯುಗಾದಿಗೆ ಹೋಳಿಗೆ, ದೀಪಾವಳಿಗೆ ಕರ್ಚಿಕಾಯಿ. ಹಬ್ಬದ ಮರುದಿನ ಹೊಲದ ಕೆಲಸ ಕಾದಿರುತ್ತಿತ್ತು. ಮಿತಿಯನ್ನು ಯಾರೂ ಬೋಧಿಸಬೇಕಾಗಿರಲಿಲ್ಲ; ಬಡತನ, ದುಡಿಮೆ, ಪಂಚಾಂಗ ಮೂರೂ ಸೇರಿ ಅದನ್ನು ಕಾಯುತ್ತಿದ್ದವು.

ಅರಮನೆಯ ಊಟ ಬೇರೆ. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ (1126–1138) 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ಅನ್ನಭೋಗದ ಭಾಗದಲ್ಲಿ ಮಾಂಸ, ಹಾಲು, ಸಕ್ಕರೆ, ಕರಿದ ತಿಂಡಿಗಳ ವಿವರವಿದೆ. ಅದೇ ಗ್ರಂಥದ ಮಲ್ಲವಿನೋದದಲ್ಲಿ ಜಟ್ಟಿಗಳ ಪುಷ್ಟಿಕರ ಆಹಾರದ ಜೊತೆಗೆ ವ್ಯಾಯಾಮದ ಮಾತೂ ಬರುತ್ತದೆ. ಉಂಡದ್ದನ್ನು ಮೈ ದುಡಿದು ಕರಗಿಸಬೇಕೆಂಬ ಅರಿವು ಆಗಲೇ ಇತ್ತು.

ಅದಕ್ಕೂ ಹಳೆಯದಾದ ಚರಕಸಂಹಿತೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಅತಿಯಾದ ಊಟ, ಸಿಹಿ ಮತ್ತು ಜಡ ಪದಾರ್ಥ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ ಇವು ಸ್ಥೂಲತೆಗೆ ಕಾರಣ. ಹಿಟ್ಟು, ಬೆಲ್ಲ, ಹಾಲಿನಿಂದಾದ ಜಡ ಆಹಾರವನ್ನು ಅರ್ಧ ತೃಪ್ತಿಗೇ ನಿಲ್ಲಿಸಬೇಕು. ಆದರೆ ತಿನ್ನಲೇಬಾರದೆಂದು ಚರಕ ಹೇಳುವುದಿಲ್ಲ. ಅತಿ ಸ್ಥೂಲರಂತೆ ಅತಿ ಕೃಶರ ದೇಹವೂ ಅವನ ದೃಷ್ಟಿಯಲ್ಲಿ ದೋಷವುಳ್ಳದ್ದೇ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ಭಾಗಗಳ ಎರೆಭೂಮಿಗೆ ಬತ್ತ ತಂದಿತು. ಅನ್ನ ದಿನದ ಊಟವಾಯಿತು. ಮುಂದೆ ಕೈಯಲ್ಲಿ ಹಣವಾಡಿತು, ಟ್ರ್ಯಾಕ್ಟರ್ ಬಂದು ಮೈದುಡಿಮೆ ತಗ್ಗಿತು, ಅಂಗಡಿಯ ಸಿಹಿಗೆ ಹಬ್ಬದ ಹಂಗು ಉಳಿಯಲಿಲ್ಲ. ಹಸಿವು ತಗ್ಗಿದ್ದು ದೊಡ್ಡ ಲಾಭ. ಆದರೆ ಹಳೆಯ ಕಾವಲೂ ಸಡಿಲಗೊಂಡಿತು.

ಇಂದಿನ ವಿಜ್ಞಾನ ಇದನ್ನು ಲೆಕ್ಕದಲ್ಲಿ ಹೇಳುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ಸುಮಾರು 4 ಕಿಲೋಕ್ಯಾಲೊರಿ, ಒಂದು ಗ್ರಾಂ ತುಪ್ಪ ಅಥವಾ ಎಣ್ಣೆಯಿಂದ ಸುಮಾರು 9. ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಶೇಖರವಾಗುತ್ತದೆ. ಮುಕ್ತ ಸಕ್ಕರೆಯ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. 2,000 ಕಿಲೋಕ್ಯಾಲೊರಿ ಉಣ್ಣುವವರಿಗೆ ಇದು 50 ಗ್ರಾಂ. 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲೇ ಸುಮಾರು 30 ಗ್ರಾಂ ಇರುತ್ತದೆ.

ವರ್ಷದ ನಾಲ್ಕು ಹಬ್ಬದ ಹೋಳಿಗೆಗೆ ಅಂಜಿ ಉಪವಾಸ ಬೀಳುವ ಅಗತ್ಯ ಯಾವ ವಿದ್ಯಾರ್ಥಿಗೂ ಇಲ್ಲ. ಬೆಳೆಯುವ ವಯಸ್ಸಿನಲ್ಲಿ ಊಟ ಬಿಡುವುದು ಹಾನಿಕರ. ಗಮನಿಸಬೇಕಾದದ್ದು ಹಬ್ಬವಿಲ್ಲದ ದಿನಗಳ ತಿನಿಸನ್ನು. ಅಂದು ಪಂಚಾಂಗ ಹಾಕಿಕೊಟ್ಟ ಅಳತೆಯನ್ನು ಇಂದು ನಾವೇ ಹಾಕಿಕೊಳ್ಳಬೇಕಾಗಿದೆ.