ಆಂಟಿವೈರಸ್ ಮತ್ತು ಮನೆಯ ಕಂಪ್ಯೂಟರ್

ಕಂಪ್ಯೂಟರಿಗೋ ಮೊಬೈಲಿಗೋ ನುಸುಳಿ ಕಡತಗಳನ್ನು ಕೆಡಿಸುವ, ಪಾಸ್‌ವರ್ಡ್ ಕದಿಯುವ, ಹಣ ಲಪಟಾಯಿಸುವ ಕುತಂತ್ರಾಂಶಗಳನ್ನು ಗುರುತಿಸಿ, ತಡೆದು, ತೆಗೆದುಹಾಕುವ ತಂತ್ರಾಂಶಕ್ಕೆ ಆಂಟಿವೈರಸ್ ಎನ್ನುತ್ತಾರೆ. ಹೆಸರಿನಲ್ಲಿರುವುದು ವೈರಸ್ ಮಾತ್ರ. ಆದರೆ ಅದು ಹುಡುಕುವ ಪಟ್ಟಿಯಲ್ಲಿ ವರ್ಮ್, ಟ್ರೋಜನ್, ಸ್ಪೈವೇರ್, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಎಲ್ಲವೂ ಸೇರಿವೆ. ಕರ್ನಾಟಕದ ಮನೆಗಳ ಮಟ್ಟಿಗೆ ಇದರ ಚರಿತ್ರೆಯಲ್ಲಿ ಪೆನ್‌ಡ್ರೈವಿನ ಕಾಲ, ಮೊಬೈಲಿನ ಕಾಲ ಎಂಬ ಎರಡು ಘಟ್ಟಗಳಿವೆ. ಮೊದಲ ಘಟ್ಟದಲ್ಲಿ ಆಂಟಿವೈರಸ್ ಮನೆಯವರನ್ನು ಬಹುಮಟ್ಟಿಗೆ ಕಾಪಾಡಿತು. ಎರಡನೆಯದರಲ್ಲಿ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಮಂಗಳೂರಿನ ಬೆಂಗ್ರೆಯಂಥ ಊರಿನಲ್ಲಿ ಈ ಬದಲಾವಣೆಯ ಅರ್ಥ ಚೆನ್ನಾಗಿ ತಿಳಿಯುತ್ತದೆ. ಹಳೆ ಬಂದರಿನ ಎದುರು, ಫಲ್ಗುಣಿ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಚಾಚಿದ ಮರಳಿನ ಪಟ್ಟಿ ಇದು. ಕಸಬ ಬೆಂಗ್ರೆ, ತೋಟ ಬೆಂಗ್ರೆ ಎಂಬ ಭಾಗಗಳಿರುವ ಇಲ್ಲಿ ಮೀನುಗಾರಿಕೆಯೇ ಮುಖ್ಯ ಕಸುಬು, ತುಳುವೂ ಬ್ಯಾರಿಯೂ ಮನೆಮಾತು. ಪೇಟೆಗೆ ಹೋಗಬೇಕಾದರೆ ಫೆರ್ರಿ ಹತ್ತಿ ಬಂದರಿಗೆ ದಾಟಬೇಕು, ಇಲ್ಲವೇ ತಣ್ಣೀರುಬಾವಿ, ಪಣಂಬೂರು ಕಡೆಯಿಂದ ರಸ್ತೆಯಲ್ಲಿ ಸುತ್ತಿ ಬರಬೇಕು. ಕೆಟ್ಟ ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿಗೆ ಹೋಗುವುದೆಂದರೆ ಇಲ್ಲಿಯವರಿಗೆ ಅರ್ಧ ದಿನದ ಕೆಲಸ. ಈಗ ಕಡಲಿನ ಹವಾಮಾನದ ಎಚ್ಚರಿಕೆ, ಮೀನಿನ ದುಡ್ಡಿನ ಯುಪಿಐ ಪಾವತಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಎಲ್ಲಕ್ಕೂ ಆಂಡ್ರಾಯ್ಡ್ ಫೋನೇ ಸಾಧನ. ಮನೆಯ ಕಂಪ್ಯೂಟರ್ ಎಂದರೆ ಅದೇ.

ಹುಟ್ಟು ಮತ್ತು ಬೆಳವಣಿಗೆ

ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಹುಟ್ಟಿದ್ದು ನಮ್ಮ ನೆರೆಯಲ್ಲೇ. 1986ರಲ್ಲಿ ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಸಹೋದರರು ‘ಬ್ರೇನ್’ ಬರೆದರು. ಅದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಕೂತು ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿತ್ತು. ಅದರೊಳಗೆ ಅಂಗಡಿಯ ವಿಳಾಸವನ್ನೂ ಫೋನ್ ನಂಬರನ್ನೂ ಅವರೇ ಬರೆದಿಟ್ಟಿದ್ದರು. ಮರುವರ್ಷ, ಅಂದರೆ 1987ರಲ್ಲಿ, ಜರ್ಮನಿಯ ಬೆರ್ಂಡ್ ಫಿಕ್ಸ್ ‘ವಿಯೆನ್ನಾ’ ಎಂಬ ವೈರಸ್ಸನ್ನು ತೆಗೆಯುವ ಪ್ರೋಗ್ರಾಂ ಬರೆದರು. ಅದೇ ವರ್ಷ ಅಮೆರಿಕದಲ್ಲಿ ಜಾನ್ ಮೆಕಾಫೀ ತಮ್ಮ ಕಂಪನಿ ಕಟ್ಟಿದರು. 1991ಕ್ಕೆ ನಾರ್ಟನ್ ಆಂಟಿವೈರಸ್ ಮಾರುಕಟ್ಟೆಗೆ ಬಂತು.

ಭಾರತದ ಮನೆಗಳಿಗೆ ಹೆಚ್ಚು ಪರಿಚಿತವಾದದ್ದು ಪುಣೆಯ ಕ್ವಿಕ್ ಹೀಲ್. ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಶ್ ಕಾಟ್ಕರ್ 1993ರಲ್ಲಿ ಕ್ಯಾಟ್ ಕಂಪ್ಯೂಟರ್ ಸರ್ವೀಸಸ್ ಶುರುಮಾಡಿದರು. ರಿಪೇರಿಗೆ ಬರುತ್ತಿದ್ದ ಯಂತ್ರಗಳಲ್ಲಿ ವೈರಸ್ ಕಾಟ ಹೆಚ್ಚಾದಾಗ ತಮ್ಮ ಸಂಜಯ್ ಅದಕ್ಕೆ ಪ್ರೋಗ್ರಾಂ ಬರೆದರು. 1995ರಲ್ಲಿ ಕ್ವಿಕ್ ಹೀಲ್ ಮಾರಾಟಕ್ಕೆ ಬಂತು, 2016ರಲ್ಲಿ ಕಂಪನಿ ಷೇರುಪೇಟೆಗೆ ಇಳಿಯಿತು. ರಿಪೇರಿ ಅಂಗಡಿಯಲ್ಲಿ ಹುಟ್ಟಿದ ಈ ತಂತ್ರಾಂಶ ಊರೂರಿನ ರಿಪೇರಿ ಅಂಗಡಿಗಳ ಮೂಲಕವೇ ಮನೆ ಸೇರಿತು. ಚೆನ್ನೈಯಲ್ಲಿ ಕೆ7 ಎಂಬ ಆಂಟಿವೈರಸ್ ಕಂಪನಿ ಬೆಳೆಯಿತು. ಮೆಕಾಫೀಯ ದೊಡ್ಡದೊಂದು ಎಂಜಿನಿಯರಿಂಗ್ ಕೇಂದ್ರ ಬೆಂಗಳೂರಿಗೆ ಬಂತು.

ವೈರಸ್ ಯಂತ್ರವನ್ನೇ ಕೊಲ್ಲಬಲ್ಲದು ಎಂಬ ಭಯ ಮನೆ ಮನೆಗೆ ತಲುಪಿದ್ದು 1999ರ ಏಪ್ರಿಲ್ 26ರಂದು. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದ ಸಿಐಎಚ್ ವೈರಸ್ ಆ ದಿನ ಎಚ್ಚೆತ್ತು ಹಾರ್ಡ್ ಡಿಸ್ಕಿನ ಮಾಹಿತಿ ಅಳಿಸಿತು. ಕೆಲವು ಮದರ್‌ಬೋರ್ಡುಗಳಲ್ಲಿ ಯಂತ್ರವನ್ನು ಚಾಲೂ ಮಾಡುವ ಬಯಾಸ್ ಕೂಡ ಕೆಡಿಸಿತು. ಚೆರ್ನೋಬಿಲ್ ದುರಂತದ ವಾರ್ಷಿಕ ದಿನವೇ ಆದ್ದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ ಎಂಬ ಹೆಸರು ಬಿತ್ತು. ಭಾರತವೂ ಸೇರಿ ಏಷ್ಯಾದ ದೇಶಗಳೇ ಹೆಚ್ಚು ಪೆಟ್ಟು ತಿಂದವು.

ಪೆನ್‌ಡ್ರೈವಿನ ಕಾಲ

2000ದ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ವೈರಸ್ ಹರಡಿದ್ದು ಇಂಟರ್ನೆಟ್ಟಿಗಿಂತ ಹೆಚ್ಚಾಗಿ ಪೆನ್‌ಡ್ರೈವಿನಿಂದ. ಸೈಬರ್ ಕೆಫೆ, ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಫೋಟೊ ಸ್ಟುಡಿಯೊ, ಕಾಲೇಜಿನ ಲ್ಯಾಬ್ ಇವೆಲ್ಲ ಅದು ಕೈಬದಲಾಗುವ ಜಾಗಗಳು. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಾಜೆಕ್ಟ್ ರಿಪೋರ್ಟನ್ನು ಪ್ರಿಂಟ್ ತೆಗೆಸಲು ಒಯ್ದ ಹುಡುಗಿ ಮನೆಗೆ ಬಂದು ಪೆನ್‌ಡ್ರೈವ್ ತೆರೆದರೆ ಕಡತಗಳೆಲ್ಲ ಮಾಯ. ಇರುತ್ತಿದ್ದುದು ಫೋಲ್ಡರಿನದೇ ಹೆಸರಿನ ಒಂದು ಶಾರ್ಟ್‌ಕಟ್ ಮಾತ್ರ. ಅದನ್ನು ಒತ್ತಿದರೆ ವೈರಸ್ ಅವಳ ಕಂಪ್ಯೂಟರಿಗೂ ಇಳಿಯುತ್ತಿತ್ತು. ಅಸಲಿಗೆ ಕಡತಗಳು ಎಲ್ಲಿಗೂ ಹೋಗಿರುತ್ತಿರಲಿಲ್ಲ. ವೈರಸ್ ಅವುಗಳಿಗೆ ‘ಹಿಡನ್’ ಗುರುತು ಹಚ್ಚಿ ಅಡಗಿಸಿಟ್ಟಿರುತ್ತಿತ್ತು. ಫೋಲ್ಡರ್ ಆಪ್ಷನ್ಸಿನಲ್ಲಿ ಅಡಗಿದ ಕಡತಗಳನ್ನು ತೋರಿಸು ಎಂದರೆ ಮರಳಿ ಕಾಣುತ್ತಿದ್ದವು. ಇದು ತಿಳಿಯದೆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಸಿ ಮದುವೆಯ ಫೋಟೊ, ಮಗುವಿನ ವೀಡಿಯೊ ಕಳೆದುಕೊಂಡವರು ಬಹಳ ಮಂದಿ.

ಪೆನ್‌ಡ್ರೈವ್ ಚುಚ್ಚಿದೊಡನೆ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವ ಆಟೋರನ್ ಎಂಬ ಸೌಲಭ್ಯ ಇಂಥ ವೈರಸ್‌ಗಳಿಗೆ ಇನ್ನೊಂದು ದಾರಿ. 2008ರ ಕೊನೆಗೆ ಕಾಣಿಸಿಕೊಂಡ ಕಾನ್‌ಫಿಕರ್ ವರ್ಮ್ ಹರಡಲು ಬಳಸಿದ ದಾರಿಗಳಲ್ಲಿ ಇದೂ ಒಂದು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸಿಗೂ ಅಪ್‌ಡೇಟ್ ಕಳಿಸಿ ಪೆನ್‌ಡ್ರೈವಿನ ಆಟೋರನ್ ನಿಲ್ಲಿಸಿತು. ಆದರೆ ಕಳ್ಳ ಪ್ರತಿಯ ವಿಂಡೋಸ್ ಹಾಕಿಸಿಕೊಂಡು, ಸಿಕ್ಕಿಬೀಳುವ ಭಯಕ್ಕೆ ಅಪ್‌ಡೇಟನ್ನೇ ಬಂದ್ ಮಾಡಿಟ್ಟ ಮನೆಗಳಿಗೆ ಆ ಪರಿಹಾರ ತಲುಪಲಿಲ್ಲ. ಕಳ್ಳ ಪ್ರತಿಯನ್ನು ಓಡಿಸಲು ಬೇಕಾದ ‘ಕ್ರ್ಯಾಕ್’ ಹಾಕುವ ಮುನ್ನ ಆಂಟಿವೈರಸ್ ಆಫ್ ಮಾಡಿ ಎಂಬ ಸೂಚನೆ ಅಂದೂ ಇತ್ತು, ಇಂದೂ ಇದೆ. ಹಾಗೆ ಆಫ್ ಮಾಡಿದ ನಿಮಿಷದಲ್ಲೇ ಹೊಕ್ಕ ಕುತಂತ್ರಾಂಶ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ತಳವೂರಿದೆ.

ಕೆಲಸ ಮಾಡುವ ಬಗೆ

ಪ್ರತಿ ಕುತಂತ್ರಾಂಶದ ಕೋಡಿನಲ್ಲೂ ಅದಕ್ಕೇ ವಿಶಿಷ್ಟವಾದ ತುಣುಕುಗಳಿರುತ್ತವೆ. ಅವನ್ನು ಸಿಗ್ನೇಚರ್ ಎನ್ನುತ್ತಾರೆ. ಕಡತ ತೆರೆಯುವಾಗ, ಇಳಿಸಿಕೊಳ್ಳುವಾಗ ಆಂಟಿವೈರಸ್ ತನ್ನ ಪಟ್ಟಿಯ ಜೊತೆ ಅದನ್ನು ಹೋಲಿಸಿ ನೋಡುತ್ತದೆ. ಹೋಲಿಕೆ ಕಂಡರೆ ಆ ಕಡತವನ್ನು ಕ್ವಾರಂಟೈನಿನಲ್ಲಿ, ಅಂದರೆ ಓಡಲಾಗದ ಪ್ರತ್ಯೇಕ ಜಾಗದಲ್ಲಿ, ಇಡುತ್ತದೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ 4.5 ಲಕ್ಷಕ್ಕೂ ಹೆಚ್ಚು ಹೊಸ ಕುತಂತ್ರಾಂಶಗಳನ್ನು, ಅನಪೇಕ್ಷಿತ ಪ್ರೋಗ್ರಾಂಗಳನ್ನೂ ಸೇರಿಸಿ, ದಾಖಲಿಸುತ್ತದೆ. ಈ ವೇಗಕ್ಕೆ ಪಟ್ಟಿಯೊಂದೇ ಸಾಲದು. ಆದ್ದರಿಂದ ಪ್ರೋಗ್ರಾಂ ಏನು ಮಾಡುತ್ತಿದೆ ಎಂಬುದನ್ನೂ ಆಂಟಿವೈರಸ್ ಗಮನಿಸುತ್ತದೆ. ಗುರುತುಪರಿಚಯವಿಲ್ಲದ ಒಂದು ಪ್ರೋಗ್ರಾಂ ಕೆಲವೇ ಕ್ಷಣಗಳಲ್ಲಿ ನೂರಾರು ಫೋಟೊಗಳನ್ನು ತಿದ್ದಿ ಬರೆಯತೊಡಗಿದರೆ ಅದು ರ‍್ಯಾನ್ಸಮ್‌ವೇರ್ ಇರಬಹುದೆಂದು ತಡೆಯುತ್ತದೆ. ಅನುಮಾನದ ಕಡತದ ವಿವರವನ್ನು ಕಂಪನಿಯ ಸರ್ವರಿಗೆ ಕಳಿಸಿ ಕೇಳುವ ವ್ಯವಸ್ಥೆಯೂ ಇದೆ. ಆಂಟಿವೈರಸ್ ನಿಜಕ್ಕೂ ಎಚ್ಚರವಾಗಿದೆಯೇ ಎಂದು ನೋಡಲು ಐಕಾರ್ ಎಂಬ 68 ಅಕ್ಷರಗಳ ನಿರಪಾಯಕಾರಿ ಪರೀಕ್ಷಾ ಕಡತವಿದೆ. ಅದನ್ನು ವೈರಸ್ ಎಂದೇ ಪರಿಗಣಿಸಬೇಕೆಂದು ಕಂಪನಿಗಳು ಒಪ್ಪಿಕೊಂಡಿವೆ.

ಆಂಟಿವೈರಸ್ಸೇ ಎಡವಿದ್ದೂ ಉಂಟು. 2010ರ ಏಪ್ರಿಲ್ 21ರಂದು ಮೆಕಾಫೀಯ ಅಪ್‌ಡೇಟ್ ಒಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ತಪ್ಪಾಗಿ ಭಾವಿಸಿತು. ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. 2024ರ ಜುಲೈ 19ರಂದು ಕಂಪನಿಗಳು ಬಳಸುವ ಕ್ರೌಡ್‌ಸ್ಟ್ರೈಕ್ ರಕ್ಷಣಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ಮನೆಯ ಕಂಪ್ಯೂಟರುಗಳಿಗೆ ಆ ದಿನ ಏನೂ ಆಗಲಿಲ್ಲ.

ದುಡ್ಡು ಕೊಟ್ಟು ಕೊಳ್ಳಬೇಕೇ?

ಮಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಲ್ಯಾಪ್‌ಟಾಪ್ ಕೊಳ್ಳಲು ಹೋದವರ ಮುಂದೆ ಈ ಪ್ರಶ್ನೆ ಬಂದೇ ಬರುತ್ತದೆ. 2012ರ ವಿಂಡೋಸ್ 8ರಿಂದ ಈಚೆಗೆ ಮೈಕ್ರೋಸಾಫ್ಟಿನ ಡಿಫೆಂಡರ್ ಆಂಟಿವೈರಸ್ ವಿಂಡೋಸಿನೊಳಗೇ ಉಚಿತವಾಗಿ ಇದೆ. ಎವಿ-ಟೆಸ್ಟ್ ನಡೆಸುವ ಪರೀಕ್ಷೆಗಳಲ್ಲಿ ಅದು ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲೇ ಅಂಕ ಪಡೆಯುತ್ತ ಬಂದಿದೆ. ಅಸಲಿ ವಿಂಡೋಸ್, ತಪ್ಪದ ಅಪ್‌ಡೇಟ್ ಇದ್ದರೆ ಸಾಮಾನ್ಯ ಮನೆಗೆ ಇಷ್ಟು ಸಾಕು. ಆಂಟಿವೈರಸ್ಸಿಗೆ ಕೊಡುವ ಹಣವನ್ನು ಫೋಟೊ, ದಾಖಲೆಗಳ ಬ್ಯಾಕಪ್ಪಿಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಲು ಬಳಸುವುದು ಮೇಲು. ಏಕೆಂದರೆ ರ‍್ಯಾನ್ಸಮ್‌ವೇರ್ ಒಮ್ಮೆ ಕೆಲಸ ಮುಗಿಸಿದ ಮೇಲೆ ಸಾಮಾನ್ಯವಾಗಿ ಆಂಟಿವೈರಸ್ ಬೀಗ ತೆಗೆಯಲಾರದು. ನಕಲು ಇಟ್ಟ ಡಿಸ್ಕನ್ನು ಕೆಲಸವಾದ ಕೂಡಲೇ ಕಂಪ್ಯೂಟರಿನಿಂದ ಬಿಡಿಸಿಡಬೇಕು, ಇಲ್ಲದಿದ್ದರೆ ಅದಕ್ಕೂ ಬೀಗ ಬೀಳುತ್ತದೆ.

ಹೊಸ ಲ್ಯಾಪ್‌ಟಾಪಿನಲ್ಲಿ ಬರುವ ಪ್ರಾಯೋಗಿಕ ಅವಧಿಯ ಆಂಟಿವೈರಸ್ ಅವಧಿ ಮುಗಿದ ಮೇಲೆ ‘ನಿಮಗೆ ರಕ್ಷಣೆಯಿಲ್ಲ’ ಎಂದು ಎಚ್ಚರಿಸುತ್ತಲೇ ಇರುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಡಿಫೆಂಡರ್ ತಾನಾಗಿ ಕೆಲಸ ಶುರುಮಾಡುತ್ತದೆ. ಎರಡು ಆಂಟಿವೈರಸ್ ಒಟ್ಟಿಗೆ ಓಡಿಸುವುದರಿಂದ ರಕ್ಷಣೆ ಇಮ್ಮಡಿಯಾಗುವುದಿಲ್ಲ, ಯಂತ್ರ ನಿಧಾನವಾಗುತ್ತದೆ. ಉಚಿತವೆಂದು ಹಾಕಿಕೊಂಡದ್ದಕ್ಕೂ ಬೆಲೆಯಿರಬಹುದು: ಬಳಕೆದಾರರು ಅಂತರ್ಜಾಲದಲ್ಲಿ ಏನೇನು ನೋಡಿದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ಪ್ರಕರಣದಲ್ಲಿ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಹೇಳಿತು.

ಆಂಟಿವೈರಸ್ಸಿಗಿಂತ ವಿಂಡೋಸಿನ ಅಪ್‌ಡೇಟ್ ದೊಡ್ಡದು ಎಂಬುದನ್ನು 2017ರ ವನ್ನಾಕ್ರೈ ತೋರಿಸಿತು. ಮೇ 12ರಂದು ಶುರುವಾಗಿ ಸುಮಾರು 150 ದೇಶಗಳಿಗೆ ಹರಡಿದ ಆ ರ‍್ಯಾನ್ಸಮ್‌ವೇರ್ ಬಳಸಿದ ರಂಧ್ರವನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಮುಚ್ಚಿತ್ತು. ಅಪ್‌ಡೇಟ್ ಹಾಕಿಕೊಂಡವರು ಬಚಾವಾದರು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಮಾತು ಈಗ ಇನ್ನಷ್ಟು ಮುಖ್ಯ. ಡಿಫೆಂಡರಿನ ವೈರಸ್ ಪಟ್ಟಿ ಅದರಲ್ಲಿ ಮುಂದೆಯೂ ಹೊಸದಾಗುತ್ತಿರುತ್ತದೆ. ಅದನ್ನು ಕಂಡು ಎಲ್ಲವೂ ಸರಿಯಿದೆ ಎಂದುಕೊಳ್ಳಬಾರದು. ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸದಿದ್ದರೆ ವಿಂಡೋಸಿನ ರಂಧ್ರಗಳು ತೆರೆದೇ ಇರುತ್ತವೆ.

ಮೊಬೈಲಿನ ಕಾಲ

ಈಗಿನ ಕುತಂತ್ರಾಂಶಕ್ಕೆ ಕಡತ ಕೆಡಿಸುವ ಆಸಕ್ತಿ ಕಡಿಮೆ, ಅದಕ್ಕೆ ಬೇಕಾಗಿರುವುದು ಬ್ಯಾಂಕ್ ಖಾತೆ. ವಾಟ್ಸ್‌ಆ್ಯಪಿನಲ್ಲಿ ಸಂಚಾರ ದಂಡದ ಚಲನ್, ಮದುವೆಯ ಕರೆಯೋಲೆ, ಸರ್ಕಾರಿ ಯೋಜನೆಯ ಅರ್ಜಿ ಎಂದು ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್ ಹಾಕುವ ಕಡತ, ಬರುತ್ತದೆ. ಎಷ್ಟೋ ಸಲ ಅದು ಪರಿಚಿತರ ನಂಬರಿನಿಂದಲೇ ಬರುತ್ತದೆ, ಏಕೆಂದರೆ ಅವರ ಫೋನು ಆಗಲೇ ಬಲಿಯಾಗಿರುತ್ತದೆ. ಒತ್ತಿದಾಗ ಆಂಡ್ರಾಯ್ಡ್ ಅಪರಿಚಿತ ಮೂಲದ ಆ್ಯಪಿಗೆ ಅನುಮತಿ ಬೇಕೆಂದು ಕೇಳುತ್ತದೆ. ಆ್ಯಪುಗಳನ್ನು ತಪಾಸಣೆ ಮಾಡುವ ಗೂಗಲ್ ಪ್ಲೇ ಪ್ರೊಟೆಕ್ಟ್ ಎಚ್ಚರಿಸಲೂಬಹುದು. ಎರಡನ್ನೂ ದಾಟಿದರೆ ಆ್ಯಪ್ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ. ಅದು ಸಿಕ್ಕಿದ ಮೇಲೆ ಆ್ಯಪಿನ ಐಕಾನ್ ಪರದೆಯಿಂದ ಮಾಯವಾಗಬಹುದು, ಬಂದ ಒಟಿಪಿಗಳೆಲ್ಲ ಕಳ್ಳನಿಗೆ ರವಾನೆಯಾಗುತ್ತವೆ. ಚಲನ್ ಹೆಸರಿನ ಇಂಥ ವಂಚನೆಯ ಜಾಲವೊಂದನ್ನು 2024ರಲ್ಲಿ ಬೆಂಗಳೂರಿನಲ್ಲಿ ಕಚೇರಿಯಿರುವ ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್ ಬಯಲಿಗೆಳೆದಿತ್ತು.

ಇಲ್ಲಿ ಆಂಟಿವೈರಸ್ಸಿನ ಕೈ ಕಟ್ಟಿಹಾಕಿದಂತಿದೆ. ಆಂಡ್ರಾಯ್ಡಿನಲ್ಲಿ ಪ್ರತಿ ಆ್ಯಪಿಗೂ ಪ್ರತ್ಯೇಕ ಆವರಣವಿದ್ದು, ಆಂಟಿವೈರಸ್ ಆ್ಯಪಿಗೂ ಇತರ ಆ್ಯಪುಗಳ ಒಳಗೆ ಇಣುಕಲು ಅವಕಾಶವಿಲ್ಲ. ಬಳಕೆದಾರ ತಾನೇ ಕೊಟ್ಟ ಅನುಮತಿಯನ್ನು ಅದು ಹಿಂಪಡೆಯಲಾರದು. ಎಚ್ಚರಿಕೆಗಳು ಬಹುತೇಕ ಇಂಗ್ಲಿಷಿನಲ್ಲೇ ಕಾಣಿಸಿಕೊಳ್ಳುವುದು ಇನ್ನೊಂದು ತೊಡಕು. ತುಳುವನ್ನೋ ಬ್ಯಾರಿಯನ್ನೋ ಆಡುತ್ತ ಕನ್ನಡ ಓದಬಲ್ಲ ಮನೆಯಲ್ಲಿ ಇಂಗ್ಲಿಷ್ ಎಚ್ಚರಿಕೆಯೂ ಇಂಗ್ಲಿಷ್ ಜಾಹೀರಾತೂ ಒಂದೇ ಥರ ಕಾಣುತ್ತವೆ, ಕೈ ಎರಡಕ್ಕೂ ‘ಓಕೆ’ ಒತ್ತುತ್ತದೆ. ಫೋನಿನ ಭಾಷೆಯನ್ನೂ ವಿಂಡೋಸಿನ ಭಾಷೆಯನ್ನೂ ಕನ್ನಡಕ್ಕೆ ಬದಲಿಸಲು ಬರುತ್ತದೆ. ಮನೆಯ ಹಿರಿಯರ ಫೋನಿನಲ್ಲಿ ಮಕ್ಕಳು ಮೊದಲು ಮಾಡಿಕೊಡಬೇಕಾದ ಕೆಲಸ ಇದು.

‘ನಿಮ್ಮ ಫೋನಿನಲ್ಲಿ ವೈರಸ್ ಇದೆ’ ಎಂದು ಬ್ರೌಸರಿನಲ್ಲಿ ಕೆಂಪಗೆ ಮಿಂಚುವ ಸೂಚನೆಗಳು ಸುಳ್ಳು. ಯಾವ ವೆಬ್ ಪುಟಕ್ಕೂ ಫೋನನ್ನು ತಪಾಸಣೆ ಮಾಡುವ ಶಕ್ತಿಯಿಲ್ಲ. ಯಾವುದೋ ತಾಣಕ್ಕೆ ಹಿಂದೆ ನೋಟಿಫಿಕೇಶನ್ ಅನುಮತಿ ಕೊಟ್ಟಿದ್ದರಿಂದ ಅವು ಪದೇ ಪದೇ ಬರುತ್ತಿರಬಹುದು. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಆ ಅನುಮತಿ ತೆಗೆದರೆ ನಿಲ್ಲುತ್ತವೆ.

ಕಾನೂನು ಮತ್ತು ನೆರವು

ಒಬ್ಬರ ಕಂಪ್ಯೂಟರಿಗೆ ವೈರಸ್ ಸೇರಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನಿನಲ್ಲಿ ಬರುತ್ತದೆ. ದುರುದ್ದೇಶದಿಂದ ಮಾಡಿದ್ದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು, ಅದರ ವ್ಯಾಪ್ತಿ ಇಡೀ ಕರ್ನಾಟಕ. ಈಗ ಮಂಗಳೂರು ನಗರಕ್ಕೇ ಪ್ರತ್ಯೇಕ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಿದೆ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಕುತಂತ್ರಾಂಶ ತೆಗೆಯುವ ಸಾಧನಗಳೂ ಸಿ-ಡ್ಯಾಕ್ ರೂಪಿಸಿದ ಎಂ-ಕವಚ್ ಮೊಬೈಲ್ ಆ್ಯಪೂ ಉಚಿತವಾಗಿ ಸಿಗುತ್ತವೆ.

ಅನುಮಾನದ ಎಪಿಕೆ ಹಾಕಿಕೊಂಡಿದ್ದು ಗೊತ್ತಾದರೆ ಮೊದಲು ಫೋನಿನ ಡೇಟಾ, ವೈಫೈ ಎರಡನ್ನೂ ನಿಲ್ಲಿಸಿ. ಬೇರೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ತಡೆಹಿಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ದೂರು ದಾಖಲಾದರೆ ಅದನ್ನು ಅಲ್ಲೇ ತಡೆದು ನಿಲ್ಲಿಸುವ ಅವಕಾಶವಿದೆ.