ಜಂಟಿ ಹೇಳಿಕೆಯ ಎರಡು ಸಾಲು

ಎಸ್. ಎಂ. ಕೃಷ್ಣ ಎಂದರೆ ನಮ್ಮ ವಯನಾಡಿನ ಕನ್ನಡಿಗರಿಗೆ ಮೊದಲು ನೆನಪಾಗುವುದು 2000ನೇ ಇಸವಿ. ವೀರಪ್ಪನ್ ರಾಜ್‌ಕುಮಾರರನ್ನು ಕಾಡಿಗೆ ಕರೆದೊಯ್ದು 108 ದಿನ ಇಟ್ಟುಕೊಂಡಿದ್ದಾಗ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯಾಗಿದ್ದವರು ಅವರು. ನಾನಿಂದು ಹೇಳಹೊರಟಿರುವುದು ಅದಲ್ಲ. ಅವರು ದಿಲ್ಲಿಯಲ್ಲಿ ವಿದೇಶಾಂಗ ಮಂತ್ರಿಯಾಗಿದ್ದಾಗಿನ ಎರಡು ಜುಲೈ ತಿಂಗಳುಗಳ ಸಂಗತಿ. ಇದರಲ್ಲಿ ಮದ್ದೂರು ಕಡೆಯವರು ಒಬ್ಬರು, ಮಲಯಾಳಿಗಳು ನಾಲ್ವರು ಬರುತ್ತಾರೆ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಸ್ವಲ್ಪ ಹೆಚ್ಚು ಕುತೂಹಲ ಇರುವುದು ಸಹಜವೇ.

2008ರ ನವೆಂಬರ್ 26ರಂದು ಆರಂಭವಾದ ಮುಂಬಯಿ ದಾಳಿಯಲ್ಲಿ 166 ಜನ ಸತ್ತರು. ಪಾಕಿಸ್ತಾನದೊಡನೆ ನಡೆಯುತ್ತಿದ್ದ ಮಾತುಕತೆ ನಿಂತಿತು. ಮೊದಲು ತಪ್ಪಿತಸ್ಥರ ಮೇಲೆ ಕ್ರಮ, ಆಮೇಲೆ ಮಾತು ಎಂಬುದು ಭಾರತದ ಪಟ್ಟು. ಹೀಗಿರುವಾಗ 2009ರ ಜುಲೈ 16ರಂದು ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಮತ್ತು ಪಾಕ್ ಪ್ರಧಾನಿ ಗಿಲಾನಿ ಭೇಟಿಯಾದರು. ಹೊರಬಿದ್ದ ಜಂಟಿ ಹೇಳಿಕೆಯ ಎರಡು ಸಾಲು ಬೆಂಕಿ ಹಚ್ಚಿದವು.

ಭಯೋತ್ಪಾದನೆಯ ವಿರುದ್ಧದ ಕ್ರಮಕ್ಕೂ ಮಾತುಕತೆಗೂ ಗಂಟು ಹಾಕಬಾರದು ಎಂದಿತ್ತು ಒಂದು ಸಾಲು. ಮಾತುಕತೆಗೆ ಕಾಯದೆ ಪಾಕಿಸ್ತಾನ ಕ್ರಮ ಕೈಗೊಳ್ಳಬೇಕು ಎಂದು ದಿಲ್ಲಿ ಅದಕ್ಕೆ ಅರ್ಥ ಹೇಳಿತು. ಕ್ರಮ ಏನೇ ಆಗಲಿ, ಮಾತುಕತೆ ನಡೆಯಬೇಕು ಎಂದು ಆ ಕಡೆಯವರು ಓದಿಕೊಂಡರು. ಅಕ್ಷರ ಅವೇ, ಅರ್ಥ ಎರಡು. ಇನ್ನೊಂದು ಸಾಲಿನಲ್ಲಿ ಬಲೂಚಿಸ್ತಾನದ ಹೆಸರು ಬಂದಿತ್ತು. ಅಲ್ಲಿನ ಗಲಭೆಯಲ್ಲಿ ಭಾರತದ ಕೈವಾಡವಿದೆಯೆಂದು ದೂರುತ್ತಿದ್ದವರಿಗೆ, ನಮ್ಮವರೇ ಒಪ್ಪಿ ಕೊಟ್ಟ ಕಾಗದ ಸಿಕ್ಕಂತಾಯಿತು.

ಆಗ ವಿದೇಶಾಂಗ ಕಾರ್ಯದರ್ಶಿ ಶಿವಶಂಕರ ಮೆನನ್. ಸ್ವತಂತ್ರ ಭಾರತದ ಮೊದಲ ವಿದೇಶಾಂಗ ಕಾರ್ಯದರ್ಶಿ ಕೆ. ಪಿ. ಎಸ್. ಮೆನನ್ ಅವರ ಮೊಮ್ಮಗ. ಕರಡು ಸರಿಯಾಗಿ ಬರೆಯದೇ ಹೋಗಿರಬಹುದು ಎಂಬ ಅರ್ಥದ ಮಾತನ್ನು ಅವರೇ ಆಡಿದರು. ತಿರುವನಂತಪುರದ ಸಂಸದ, ವಿದೇಶಾಂಗ ಖಾತೆಯ ರಾಜ್ಯಮಂತ್ರಿ ಶಶಿ ತರೂರ್, ಅದು ಕಾನೂನಿನ ದಸ್ತಾವೇಜು ಅಲ್ಲ ಎಂದರು. ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಒಬ್ಬ ಬರೆದ ವೋಚರನ್ನು ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಹಣ ಕೌಂಟರು ದಾಟಿದ ಮೇಲೆ ಬರಹ ಸರಿಯಿಲ್ಲ ಎಂದರೆ ಯಾರು ಕೇಳುತ್ತಾರೆ?

ಪ್ರತಿಪಕ್ಷ ಲೋಕಸಭೆಯಲ್ಲಿ ಮುಗಿಬಿತ್ತು. ಕಾಂಗ್ರೆಸ್ ಪಕ್ಷವೇ ಕೆಲವು ದಿನ ತುಟಿ ಬಿಗಿಹಿಡಿದು ಕೂತಿತ್ತು. ಕೊನೆಗೆ ಜುಲೈ 29ರಂದು ಪ್ರಧಾನಿಯವರೇ ಸದನದಲ್ಲಿ ಎದ್ದು ನಿಂತು ಸಮರ್ಥಿಸಿಕೊಳ್ಳಬೇಕಾಯಿತು. ಮೆನನ್ ಆ ತಿಂಗಳ ಕೊನೆಗೆ ನಿವೃತ್ತರಾದರು. ಶಿಕ್ಷೆಯೇನಲ್ಲ, ಅವಧಿ ಮುಗಿದಿತ್ತು. 2010ರ ಜನವರಿಯಲ್ಲಿ ಅವರು ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿ ಇನ್ನೂ ಮೇಲಿನ ಕುರ್ಚಿಗೆ ಬಂದರು. ಅವರ ನಂತರ ವಿದೇಶಾಂಗ ಕಾರ್ಯದರ್ಶಿಯಾದವರು ನಿರುಪಮಾ ರಾವ್, ಮಲಪ್ಪುರಂನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕಾಲೇಜು ಓದಿದವರು.

ಇನ್ನು ಎರಡನೆಯ ಜುಲೈ. 2010ರ ಏಪ್ರಿಲ್‌ನಲ್ಲಿ ಭೂತಾನದ ಥಿಂಪುವಿನಲ್ಲಿ ಇಬ್ಬರು ಪ್ರಧಾನಿಗಳು ಮತ್ತೆ ಕಂಡು, ವಿದೇಶಾಂಗ ಮಂತ್ರಿಗಳು ಮಾತಾಡಲಿ ಎಂದು ತೀರ್ಮಾನಿಸಿದ್ದರು. ಅದರಂತೆ ಕೃಷ್ಣ ಇಸ್ಲಾಮಾಬಾದಿಗೆ ಹೊರಟರು. ಅದೇ ಹೊತ್ತಿಗೆ ಗೃಹ ಕಾರ್ಯದರ್ಶಿ ಜಿ. ಕೆ. ಪಿಳ್ಳೈ ಪತ್ರಿಕೆಯೊಂದರ ಮುಂದೆ, ಮುಂಬಯಿ ದಾಳಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದ್ದು ಪಾಕಿಸ್ತಾನದ ಐ.ಎಸ್.ಐ. ಎಂದುಬಿಟ್ಟರು. ಅಮೆರಿಕದಲ್ಲಿ ಬಂಧನದಲ್ಲಿದ್ದ ಹೆಡ್ಲಿಯನ್ನು ನಮ್ಮ ತನಿಖಾ ದಳ ವಿಚಾರಿಸಿ ತಿಂಗಳು ಕಳೆದಿತ್ತಷ್ಟೆ. ಪಿಳ್ಳೈಯವರ ಮಾತು ಪೊಳ್ಳಲ್ಲ. ಮರುವರ್ಷ ಷಿಕಾಗೋ ನ್ಯಾಯಾಲಯದಲ್ಲಿ ಹೆಡ್ಲಿ ಸಾಕ್ಷಿ ಹೇಳುವಾಗಲೂ ಐ.ಎಸ್.ಐ. ಅಧಿಕಾರಿಯ ಪ್ರಸ್ತಾಪ ಬಂತು. ಆದರೆ ಮಂತ್ರಿ ಊಟದೆಲೆಯ ಮುಂದೆ ಕೂರುವ ಹೊತ್ತಿಗೆ ಆಡುವ ಮಾತೇ ಅದು?

ಜುಲೈ 15ರ ರಾತ್ರಿ ಜಂಟಿ ಪತ್ರಿಕಾಗೋಷ್ಠಿ. ಪಾಕಿಸ್ತಾನದ ಮಂತ್ರಿ ಶಾ ಮಹಮೂದ್ ಖುರೇಷಿ, ಲಷ್ಕರ್ ಸ್ಥಾಪಕ ಹಫೀಜ್ ಸಯೀದ್‌ನ ಭಾಷಣಗಳಿಗೂ ಪಿಳ್ಳೈಯವರ ಹೇಳಿಕೆಗೂ ತಾಳೆ ಹಾಕಿದರು. ಪಕ್ಕದಲ್ಲಿದ್ದ ಕೃಷ್ಣ ಅದಕ್ಕೆ ಅಲ್ಲೇ ಉತ್ತರ ಕೊಡಲಿಲ್ಲ. ಮಾರನೆಯ ದಿನ, ಮಾತುಕತೆಯ ನಡುವೆ ದಿಲ್ಲಿಯಿಂದ ಅವರಿಗೆ ಫೋನು ಬರುತ್ತಿತ್ತೆಂದು ಖುರೇಷಿ ಛೇಡಿಸಿದರು. ಕೃಷ್ಣ ಅಲ್ಲಗಳೆದರು.

ಊರಿಗೆ ಬಂದ ಮೇಲೆ ಅವರಿಗೆ ತಡೆಯಲಿಲ್ಲ. ತಾನು ಗೃಹ ಕಾರ್ಯದರ್ಶಿಯಾಗಿದ್ದರೆ ಆ ಹೊತ್ತಿನಲ್ಲಿ ಹಾಗೆ ಹೇಳುತ್ತಿರಲಿಲ್ಲ ಎಂಬರ್ಥದಲ್ಲಿ ಬಹಿರಂಗವಾಗಿಯೇ ನುಡಿದರು. ಖುರೇಷಿಯನ್ನು ಬಿಟ್ಟು ಸ್ವಂತ ಸರ್ಕಾರದ ಅಧಿಕಾರಿಯನ್ನು ಬೈದರೆಂದು ಪ್ರತಿಪಕ್ಷ ಹಂಗಿಸಿತು. ಗೃಹ ಮಂತ್ರಿ ಚಿದಂಬರಂ ಪಿಳ್ಳೈಯವರ ಬೆನ್ನಿಗೆ ನಿಂತರು. ಪಿಳ್ಳೈ 2011ರ ಜೂನ್‌ವರೆಗೆ ಅದೇ ಹುದ್ದೆಯಲ್ಲಿದ್ದರು. ಕೃಷ್ಣರಿಗೆ ಉಳಿದದ್ದು ಕೈಲಾಗದವರೆಂಬ ಹೆಸರು. ಆ ರಾತ್ರಿ ಅವರು ಬಾಯಿ ಬಿಡಬೇಕಿತ್ತು, ನಿಜ. ಆದರೆ ದಿಲ್ಲಿಯಲ್ಲಿ ಎರಡು ಖಾತೆಗಳು ಒಂದಕ್ಕೊಂದು ಒಂದು ಮಾತು ಹೇಳಿಕೊಂಡಿದ್ದರೆ ಅವರನ್ನು ಹಾಗೆ ಕೂರಿಸಲು ಯಾರಿಗೂ ಆಗುತ್ತಿರಲಿಲ್ಲ. ಈ ಲೆಕ್ಕವನ್ನು ಕನ್ನಡ ಪತ್ರಿಕೆಗಳೂ ಮಲಯಾಳಂ ಪತ್ರಿಕೆಗಳೂ ಇನ್ನಷ್ಟು ಬಿಡಿಸಿ ನೋಡಬಹುದಿತ್ತು ಎಂದು ನನ್ನ ಅನಿಸಿಕೆ.

2011ರಲ್ಲಿ ಮಾತುಕತೆ ಮರಳಿ ಶುರುವಾಯಿತು, ಹಳೆಯ ಹೆಸರನ್ನು ಮಾತ್ರ ಕೈಬಿಟ್ಟರು. 2012ರ ಸೆಪ್ಟೆಂಬರ್ 8ರಂದು ಕೃಷ್ಣ ಮತ್ತೆ ಇಸ್ಲಾಮಾಬಾದಿಗೆ ಹೋಗಿ ವೀಸಾ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಅವರಿಗೆ 80 ವಯಸ್ಸು. ಅಕ್ಟೋಬರ್ 26ರಂದು ರಾಜೀನಾಮೆ ಕೊಟ್ಟರು. ಆ ಒಪ್ಪಂದದಲ್ಲಿ, 65 ದಾಟಿದವರಿಗೆ ಅಟಾರಿ ಗಡಿಯಲ್ಲಿಯೇ ವೀಸಾ ಕೊಡುವ ಏರ್ಪಾಡಿತ್ತು. ನನ್ನ ವಯಸ್ಸಿನವರಿಗೆ ಅನುಕೂಲವಾದದ್ದು. 2013ರ ಜನವರಿ 15ಕ್ಕೆ ಅದು ಆರಂಭವಾಗಬೇಕಿತ್ತು. ಅಷ್ಟರಲ್ಲಿ ಕಾಶ್ಮೀರದ ಗಡಿರೇಖೆಯಲ್ಲಿ ನಮ್ಮ ಸೈನಿಕರ ಹತ್ಯೆಯಾಯಿತು. ಆರಂಭದ ದಿನವೇ ಅದನ್ನು ತಡೆಹಿಡಿದರು.