ಜೇಬಿನ ಚೂರಿ, ಸಂಚಿಯ ಅಡಕತ್ತರಿ

ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕೈಟಭೇಶ್ವರನ ಗುಡಿ ನೋಡಿದವರು ಆ ಸೀಮೆಯ ಅಡಿಕೆ ತೋಟಗಳನ್ನೂ ಕಂಡಿರಬೇಕು. ಅಲ್ಲಿ ಕೀಲಿನ ಮೇಲೆ ಮುಚ್ಚಿ ಜೊತೆಗೊಯ್ಯುವ ಅಲಗೆಂದರೆ ಮೊದಲು ಅಡಕತ್ತರಿ. ಪಂಚೆಗೆ ಜೇಬೆಲ್ಲಿಯದು? ಎಲೆಯಡಿಕೆಯ ಸಂಚಿಯೇ ಅದರ ಮನೆ. ಸಂಚಿ ಹಿಡಿಸುವಷ್ಟೇ ಅದರ ಉದ್ದ. ಮನೆಯ ಎಲೆತಟ್ಟೆಯಲ್ಲಿರುವ ಅಡಕತ್ತರಿ ಗೇಣುದ್ದ ಬೆಳೆದರೂ ಕೇಳುವವರಿಲ್ಲ.

ಪಡುವಣದಲ್ಲಿ ಇದೇ ಲೆಕ್ಕ ಅಂಕಿಗೆ ಬಿತ್ತು. ಫ್ರಾನ್ಸಿನ ಸವಾಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಮಡಚುಚೂರಿ ಮಾಡಿದ. 1897ರ ವೇಳೆಗೆ ಅದಕ್ಕೆ 1ರಿಂದ 12ರವರೆಗೆ ಅಳತೆಗಳಾದವು. ಒಂದನೆಯದರ ಅಲಗು ಬರಿಯ 2 ಸೆಂಟಿಮೀಟರು, ಹನ್ನೆರಡನೆಯದರದು 12. ಜನ ಮೆಚ್ಚಿದ್ದು ಎಂಟೂವರೆಯ ಎಂಟನೆಯದನ್ನು. ತೀರ ಪುಟ್ಟದೆಂದು ಒಂದನೆಯದನ್ನೂ, ನೆರೆಯವುಗಳಿಗಿಂತ ಬೇರೆಯೆನಿಸದೆಂದು ಹನ್ನೊಂದನೆಯದನ್ನೂ ಮುಂದೆ ಕೈಬಿಟ್ಟರು. ನಮ್ಮಲ್ಲಿ ಸಂಚಿಗೋ, ತಟ್ಟೆಗೋ ಎಂದರೆ ಮುಗಿಯಿತು.